ತಾಳವಾಡಿಯ ಬೆಟ್ಟದಲ್ಲಿ ಕಬ್ಬಿಣದ ಮಾತು

ಕಾಸರಗೋಡಿನಿಂದ ತಾಳವಾಡಿಗೆ ಹೊರಟವರು ಪಾಲಕ್ಕಾಡಿನ ಕಣಿವೆಯನ್ನು ರೈಲಿನಲ್ಲಿ ದಾಟಿ ಕೊಯಮತ್ತೂರಿನಲ್ಲಿ ಇಳಿಯಬಹುದು. ಅಲ್ಲಿಂದ ಸತ್ಯಮಂಗಲಕ್ಕೆ, ಸತ್ಯಮಂಗಲದಿಂದ ಬಣ್ಣಾರಿಗೆ, ಬಣ್ಣಾರಿಯಿಂದ ದಿಂಬಂ ಘಟ್ಟವನ್ನೇರಿ ಹಾಸನೂರಿನ ಕಡೆಗೆ, ಕೊನೆಗೆ ಹೆದ್ದಾರಿಯನ್ನು ಬಿಟ್ಟು ತಾಳವಾಡಿಗೆ ದಾರಿ ಸಾಗುತ್ತದೆ. ಮೈಸೂರು, ಚಾಮರಾಜನಗರಗಳ ಮೂಲಕ ಬರುವ ದಾರಿಯೂ ಉಂಟು. ಆದರೆ ವಾಹನಗಳಲ್ಲಿ ಆಸಕ್ತಿಯುಳ್ಳವರು ಕೊಯಮತ್ತೂರಿನ ದಾರಿಯನ್ನು ಆರಿಸಿಕೊಳ್ಳುವುದು ಲೇಸು. ವೇಗಕ್ಕೆ ಹೆಸರಾದ ನಗರವೊಂದರಿಂದ ಹೊರಟು, ವೇಗವನ್ನು ಯಾರೂ ಕೇಳದ ಬೆಟ್ಟದ ಸೀಮೆಯೊಂದನ್ನು ಅರ್ಧ ದಿನದಲ್ಲಿ ತಲುಪುವ ಅವಕಾಶ ಈ ದಾರಿಯಲ್ಲಿದೆ.

ಕೊಯಮತ್ತೂರು ಬಟ್ಟೆ ಗಿರಣಿಗಳ ಊರೆಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಅದು ಮೋಟಾರುಗಳ ಊರೂ ಹೌದು. 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಒಂದೇ ಒಂದು ಬಸ್ಸನ್ನು ಓಡಿಸಿ ಉದ್ಯಮವನ್ನಾರಂಭಿಸಿದ ಜಿ.ಡಿ. ನಾಯ್ಡು ಈ ನಗರದವರು. ಅವರ ಕುಟುಂಬದ ಸಂಸ್ಥೆ ನಡೆಸುವ ಕಾರುಗಳ ವಸ್ತುಸಂಗ್ರಹಾಲಯ ಇಲ್ಲಿದೆ. ಓಟದ ಕಾರುಗಳನ್ನು ತಾವೇ ರೂಪಿಸಿ, ನಮ್ಮ ದೇಶದ ಯುವಕರಿಗೆ ಕೈಗೆಟಕುವ ಬೆಲೆಯಲ್ಲಿ ಸ್ಪರ್ಧೆಯ ಬಾಗಿಲನ್ನು ತೆರೆದ ಎಸ್. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ನಗರದ ಹೊರಗೆ ಚೆಟ್ಟಿಪಾಳಯದಲ್ಲಿರುವ ಓಟದ ಪಥಕ್ಕೆ ಅವರದೇ ಹೆಸರು. 2005ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗಿಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರೇ. ಇಂಥ ನಗರದಲ್ಲಿ ಎಂಜಿನಿಯರಿಂಗ್ ಕಲಿಯಲು ಹೋದ ನಮ್ಮ ಹುಡುಗರು ಅಶ್ವಶಕ್ತಿ, ಟರ್ಬೊ, ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಬೇಕಾಗುವ ಸೆಕೆಂಡುಗಳು ಎಂದೆಲ್ಲ ಮಾತಾಡಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಸತ್ಯಮಂಗಲವನ್ನು ದಾಟಿ ಬಣ್ಣಾರಿ ಅಮ್ಮನ ಗುಡಿಯ ಮುಂದೆ ನಿಂತಾಗ ಈ ಸೆಕೆಂಡುಗಳ ಲೆಕ್ಕ ಕೊನೆಗೊಳ್ಳುತ್ತದೆ. ಕೈಮುಗಿದು, ಎಂಜಿನ್ನಿನ ನೀರು ನೋಡಿ, ಟೈರುಗಳನ್ನೊಮ್ಮೆ ಕಾಲಿನಿಂದ ತಟ್ಟಿ ಚಾಲಕರು ಮುಂದೆ ಹೊರಡುತ್ತಾರೆ. ಎದುರಿಗೆ ದಿಂಬಂ ಘಟ್ಟ. ಅದರಲ್ಲಿ 27 ಕಡಿದಾದ ತಿರುವುಗಳು. ಪ್ರತಿ ತಿರುವಿನಲ್ಲೂ ಅದರ ಸಂಖ್ಯೆಯನ್ನು ಬರೆದ ಫಲಕವಿದೆ. ಬಸ್ಸಿನಲ್ಲಿ ಕುಳಿತ ಮಕ್ಕಳು ಒಂದು, ಎರಡು ಎಂದು ಎಣಿಸತೊಡಗಿ, ಹತ್ತು ಹನ್ನೆರಡರ ಹೊತ್ತಿಗೆ ತಲೆಸುತ್ತಿ ಸುಮ್ಮನಾಗುತ್ತಾರೆ. ಇದು ಬೆಂಗಳೂರು ಕೊಯಮತ್ತೂರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ. ಹಿಂದೆ 209 ಎಂಬ ಸಂಖ್ಯೆಯಿತ್ತು, ಈಗ 948. ಸುತ್ತಲಿನದು 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುವುದನ್ನು ತಡೆಯಲು ಮದ್ರಾಸ್ ಹೈಕೋರ್ಟು 2022ರಲ್ಲಿ ಇಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವನ್ನು ಜಾರಿಗೊಳಿಸಿತು. ಕಾಡನ್ನು ಉಳಿಸಲು ಅದು ಬೇಕಾಗಿತ್ತು. ತರಕಾರಿ ಬೆಳೆದು ಕೆಳಗಿನ ಮಾರುಕಟ್ಟೆಗೆ ಕಳುಹಿಸುವ ತಾಳವಾಡಿಯವರಿಗೆ ಅದು ಹೊಸದೊಂದು ಲೆಕ್ಕಾಚಾರವನ್ನೂ ತಂದಿತು.

ಘಟ್ಟದ ಶಿಸ್ತು ಹಳೆಯದು. ಹತ್ತುವ ಬಂಡಿಗೆ ಇಳಿಯುವ ಬಂಡಿ ದಾರಿ ಬಿಡಬೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ಲಿಗೆ ಹಾಕಿ ಇಳಿದರೆ ಎಂಜಿನ್ನು ಬಂಡಿಯನ್ನು ಹಿಡಿಯುವುದಿಲ್ಲ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಕಾಯುತ್ತದೆ, ಕಾದ ಬ್ರೇಕು ಹಿಡಿತವನ್ನು ಕಳೆದುಕೊಳ್ಳುತ್ತದೆ. ಒಂದು ವಾಹನ ಎಷ್ಟು ಬೇಗ ಓಡೀತು ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳುವುದಿಲ್ಲ. ತುಂಬಿದ ಭಾರದೊಡನೆ ಎಷ್ಟು ನಿಧಾನವಾಗಿ, ಎಷ್ಟು ನೆಚ್ಚಿಕೆಯಿಂದ ಇಳಿದೀತು ಎಂಬುದೇ ದಿಂಬಂ ಘಟ್ಟ ಕೇಳುವ ಪ್ರಶ್ನೆ.

ಘಟ್ಟ ಮುಗಿದ ಮೇಲೆ ಗಾಳಿಯ ಗುಣವೇ ಬೇರೆ. ಹಾಸನೂರಿನ ಸುತ್ತಮುತ್ತ ಕಬ್ಬಿನ ಲಾರಿಗಳನ್ನು ಕಾದು ನಿಲ್ಲುವ ಆನೆಗಳು ಈಗ ಪ್ರಸಿದ್ಧವಾಗಿವೆ. ಲಾರಿಯ ಕಂಪನಿ ಯಾವುದಾದರೂ ಅವಕ್ಕೆ ಒಂದೇ, ಕಬ್ಬು ಮಾತ್ರ ಸಿಹಿಯಾಗಿರಬೇಕು. ತಾಳವಾಡಿಯ ಕಡೆಗೆ ತಿರುಗಿದರೆ ಕಾಡು ತೆಳುವಾಗಿ ಹೊಲಗಳು ತೆರೆದುಕೊಳ್ಳುತ್ತವೆ: ರಾಗಿ, ಕೋಸು, ಆಲೂಗಡ್ಡೆ, ಬೀಟ್‌ರೂಟ್, ಟೊಮೇಟೊ, ಬಾಳೆ, ಅರಿಶಿನ. ಅಂಗಡಿಯ ಫಲಕಗಳಲ್ಲಿ ತಮಿಳು, ಹಟ್ಟಿಯ ಜಗಲಿಯಲ್ಲಿ ಕನ್ನಡ. ಡಾ. ರಾಜ್‌ಕುಮಾರರ ಗಾಜನೂರು ಈ ಸೀಮೆಯಲ್ಲೇ ಇದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲಿ ಉಳಿಯಿತು. ಅದೇ ವರ್ಷ ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಎರಡು ಸೀಮೆಗಳ ಮಕ್ಕಳೂ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕಲಿಯುತ್ತಾ, ಬೇರೆ ಭಾಷೆಯ ಕಚೇರಿಗಳಲ್ಲಿ ಅರ್ಜಿ ಬರೆಯುತ್ತಾ ಬೆಳೆದವರು. ತಾಳವಾಡಿಯಿಂದ ಚಾಮರಾಜನಗರ ಕೂಗಳತೆ ಎನ್ನುವಷ್ಟು ಹತ್ತಿರ. ಸ್ವಂತ ಜಿಲ್ಲಾ ಕೇಂದ್ರವಾದ ಈರೋಡು ಘಟ್ಟವನ್ನಿಳಿದು ನೂರು ಕಿಲೋಮೀಟರಿಗೂ ಆಚೆ. ಇಂಥ ಊರಿನಲ್ಲಿ ವಾಹನ ಷೋಕಿಯ ವಸ್ತುವಲ್ಲ. ಆಸ್ಪತ್ರೆ, ಕಾಲೇಜು, ಮಾರುಕಟ್ಟೆ, ಕಚೇರಿ ಎಲ್ಲವೂ ಅದರ ನಾಲ್ಕು ಚಕ್ರಗಳ ಮೇಲೆ ನಿಂತಿವೆ.

ಆದ್ದರಿಂದಲೇ ಇಲ್ಲಿ ವಾಹನಗಳ ಬಗ್ಗೆ ಎಲ್ಲರಿಗೂ ಒಂದೊಂದು ಗಟ್ಟಿಯಾದ ಅಭಿಪ್ರಾಯವುಂಟು. ಗ್ಯಾರೇಜಿನ ಪಕ್ಕದ ಚಹದಂಗಡಿಯ ಬೆಂಚೇ ಅದರ ಸಭಾಂಗಣ. ನಾನು ಕುಳಿತ ಸಂಜೆ ಅಲ್ಲಿ ಮೂರು ಪಕ್ಷಗಳಿದ್ದವು. ಕೋಸು ಸಾಗಿಸುವ ಪಿಕಪ್ಪಿನ ಚಾಲಕರೊಬ್ಬರು ಬೊಲೆರೊ ಪಕ್ಷದವರು. ನಿವೃತ್ತರಾದ ಶಾಲಾ ಮೇಷ್ಟ್ರೊಬ್ಬರು ಮಾರುತಿ ಪಕ್ಷದವರು. ಅವರ ಬಿಳಿಯ 800 ಅಲ್ಲೇ ಹುಣಸೆಮರದ ನೆರಳಿನಲ್ಲಿ ನಿಂತಿತ್ತು. ಮೂರನೆಯವನು ಕೊಯಮತ್ತೂರಿನಲ್ಲಿ ಕೆಲಸ ಮಾಡುವ ಹುಡುಗ, ಹಬ್ಬಕ್ಕೆ ಊರಿಗೆ ಬಂದವನು. ಅವನದು ಟರ್ಬೊ ಪಕ್ಷ.

ಹುಡುಗನ ವಾದ ಸರಳವಾಗಿತ್ತು: ಒಳ್ಳೆಯ ಕಾರೆಂದರೆ ಶಕ್ತಿಯುಳ್ಳ ಕಾರು, ಮಿಕ್ಕದ್ದೆಲ್ಲ ಸಾಮಾನು ಹೊರುವ ಗಾಡಿ. ಚಾಲಕರು ನಕ್ಕರು: "ನಿನ್ನ ಕಾರು ಗಾಳಿಯಂಗೆ ಹೋಯ್ತದ ಅಂತಿಟ್ಕೊ ತಮ್ಮಾ. ಅದಕ್ಕೆ ನಲವತ್ತು ಮೂಟೆ ಕೋಸು ಏರಿಸಿ ದಿಂಬಂ ಇಳಿಸಿ ತೋರ್ಸು, ಆಮ್ಯಾಕೆ ಮಾತಾಡಾಣ." ಮೇಷ್ಟ್ರು ಎರಡೂ ಕಡೆಯ ತಪ್ಪನ್ನು ತಿದ್ದುವವರಂತೆ, ತಮ್ಮ 800 ಇಷ್ಟು ವರ್ಷಗಳಲ್ಲಿ ಎಲ್ಲಿಯೂ ನಿಂತದ್ದಿಲ್ಲ ಎಂದರು. "ಮೇಷ್ಟ್ರೆ, ನೀವು ಅದನ್ನ ಓಡ್ಸಿದ್ರೆ ತಾನೆ ನಿಲ್ಲಾದು?" ಎಂದು ಹುಡುಗ ಛೇಡಿಸಿದಾಗ ಬೆಂಚಿಗೆ ಬೆಂಚೇ ನಕ್ಕಿತು.

ಈ ನಗೆಯ ಹಿಂದೆ ನಮ್ಮ ದೇಶದ ಮೋಟಾರುಗಳ ಇತಿಹಾಸವೇ ಅಡಗಿದೆ. ಒಂದು ಕಾಲಕ್ಕೆ ಕಾರೆಂದರೆ ಅಂಬಾಸಿಡರ್ ಅಥವಾ ಫಿಯಟ್ ಮಾತ್ರ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಮೂಡಿದ ಅಂಬಾಸಿಡರ್ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅದರ ಹೆಸರು ನಿಂತದ್ದು ಗಟ್ಟಿತನದ ಮೇಲೆ, ಯಾವ ಹಳ್ಳಿಯ ಕಮ್ಮಾರನೂ ಅದನ್ನು ತಟ್ಟಿ ಸರಿಪಡಿಸಬಲ್ಲ ಎಂಬ ಭರವಸೆಯ ಮೇಲೆ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಗ್ರಾಹಕರಿಗೆ ಒಪ್ಪಿಸಿದಾಗ ಹಿರಿಯರು ಅದನ್ನು ತಗಡಿನ ಡಬ್ಬಿ ಎಂದರು. ಆ 796 ಸಿಸಿಯ ಡಬ್ಬಿ ಮುಂದಿನ ಮೂವತ್ತು ವರ್ಷಗಳಲ್ಲಿ ಮಧ್ಯಮ ವರ್ಗದ ನಂಬಿಕೆಯ ಹೆಸರಾಯಿತು. ವಿಲ್ಲೀಸ್ ಜೀಪುಗಳ ಜೋಡಣೆಯಿಂದ ಆರಂಭಿಸಿದ ಮಹೀಂದ್ರ 2000ದಲ್ಲಿ ಬೊಲೆರೊ ತಂದಿತು. ಹಳ್ಳಿಯ ಕಲ್ಲುದಾರಿ ಅದರ ಜಾಹೀರಾತಾಯಿತು. 2005ರಲ್ಲಿ ಬಂದ ಪುಟ್ಟ ಟಾಟಾ ಏಸ್‌ಗೆ ತಮಿಳರು 'ಕುಟ್ಟಿ ಯಾನೈ', ಎಂದರೆ ಮರಿಯಾನೆ, ಎಂದು ಹೆಸರಿಟ್ಟರು. ಹಾಸನೂರಿನ ದಾರಿಯಲ್ಲಿ ಆ ಮರಿಯಾನೆ ನಿಜವಾದ ಆನೆಯ ಮುಂದೆ ಬಾಲ ಮುದುರಿ ಹಿಂದಕ್ಕೆ ಸರಿಯುವುದನ್ನು ನೋಡಬೇಕು!

ಹೆಸರಿಗೆ ಎಷ್ಟು ಬಾಳಿಕೆಯುಂಟು ಎನ್ನುವುದಕ್ಕೆ ಮೈಸೂರಿನ ಉದಾಹರಣೆಯೇ ಸಾಕು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜಾವಾ, ಯೆಜ್ಡಿ ಮೋಟಾರುಸೈಕಲ್‌ಗಳನ್ನು ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಹೋದರೂ ಹೆಸರು ಹೋಗಲಿಲ್ಲ. ಇಪ್ಪತ್ತೆರಡು ವರ್ಷಗಳ ಬಳಿಕ, 2018ರಲ್ಲಿ, ಬೇರೊಂದು ಸಂಸ್ಥೆ ಜಾವಾ ಹೆಸರಿನಲ್ಲಿಯೇ ಹೊಸ ಗಾಡಿಗಳನ್ನು ಮಾರುಕಟ್ಟೆಗೆ ತಂದಿತು. ಕಬ್ಬಿಣ ಸವೆದ ಮೇಲೂ ಹೆಸರು ಓಡುತ್ತಲೇ ಇರುತ್ತದೆ. ಹೆಸರಿನ ಬಲವೂ ಇದೇ, ಅದರ ಅಪಾಯವೂ ಇದೇ.

ಚರ್ಚೆ ಕಾವೇರುತ್ತಿದ್ದಾಗ ಗ್ಯಾರೇಜಿನ ಮೇಸ್ತ್ರಿ ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದು ನಿಂತರು. ಯಾವ ಪಕ್ಷಕ್ಕೂ ಅವರು ಮತ ಹಾಕಲಿಲ್ಲ. "ಹೆಸರು ಮ್ಯಾಲಿರ್ತದ ಸೋಮಿ, ಆಯಸ್ಸು ಕೆಳಗಿರ್ತದ" ಎಂದರು. ನಾನು ಕಾಸರಗೋಡಿನವನೆಂದು ತಿಳಿದ ಮೇಲೆ ನಕ್ಕು, ಒಳಗೆ ನಿಂತಿದ್ದ ಹಳೆಯ ಕಾರೊಂದನ್ನು ತೋರಿಸಿದರು. ನಂಬರು ಕೇರಳದ್ದು; ಕರಾವಳಿಯಿಂದ ಕೊಂಡು ತಂದದ್ದು. ಕಂಪನಿಗೆ ಒಳ್ಳೆಯ ಹೆಸರು, ಬಣ್ಣಕ್ಕೆ ಒಳ್ಳೆಯ ಹೊಳಪು, ಎಂಜಿನ್ನಿಗೆ ಒಳ್ಳೆಯ ಸದ್ದು. ಮೇಸ್ತ್ರಿ ಕಾಲಡಿಯ ಮ್ಯಾಟನ್ನು ಎತ್ತಿ ಸ್ಕ್ರೂಡ್ರೈವರಿನ ತುದಿಯನ್ನು ಮೆಲ್ಲಗೆ ಒತ್ತಿದರು. ತಗಡು ಹಪ್ಪಳದಂತೆ ಮುರಿದು ಕೆಳಗಿನ ನೆಲ ಕಾಣಿಸಿತು.

ಕರಾವಳಿಯ ನಮಗೆ ಇದು ಹೊಸತಲ್ಲ. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು ಎಂದು ಎರಡಕ್ಕೂ ಬೇರೆ ಬೇರೆ ಪದವಿಟ್ಟುಕೊಂಡ ಭಾಷೆ ನಮ್ಮದು. ತುಕ್ಕು ಹಿಡಿಯಲು ಕಬ್ಬಿಣಕ್ಕೆ ನೀರೂ ಬೇಕು, ಆಮ್ಲಜನಕವೂ ಬೇಕು ಎಂದು ಮಕ್ಕಳು ಶಾಲೆಯ ವಿಜ್ಞಾನದ ಪಾಠದಲ್ಲಿ ಓದುತ್ತಾರೆ. ಆ ನೀರಿನಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ ಕಣಗಳ ಓಡಾಟ ಸುಲಭವಾಗಿ ತುಕ್ಕಿನ ವೇಗ ಹೆಚ್ಚುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ, ಸಾಲದೆಂಬಂತೆ ಕಡಲಿನ ಉಪ್ಪುಗಾಳಿ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಆತಿಥ್ಯ ಇನ್ನೆಲ್ಲಿ ಸಿಕ್ಕೀತು? ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಅದರಿಂದಾಗಿ ಬಣ್ಣ ಮೊದಲು ಗುಳ್ಳೆಯಂತೆ ಉಬ್ಬುತ್ತದೆ. ಗುಳ್ಳೆ ಹೊರಗೆ ಕಾಣಿಸುವ ಹೊತ್ತಿಗೆ ಒಳಗಿನ ಕೆಲಸ ಬಹುಪಾಲು ಮುಗಿದಿರುತ್ತದೆ.

ಹಾಗಾದರೆ ಕಡಲಿಲ್ಲದ, ಮಳೆ ಕಡಿಮೆಯಾದ ತಾಳವಾಡಿಯ ವಾಹನಗಳು ಪುಣ್ಯ ಮಾಡಿದವೇ? ಅರ್ಧ ನಿಜ. ಇಲ್ಲಿನ ಹಳೆಯ ಜೀಪುಗಳ ತಳವನ್ನು ನೋಡಿದರೆ ನಮಗೆ ಹೊಟ್ಟೆಕಿಚ್ಚಾಗಬೇಕು. ಆದರೆ ಪಿಕಪ್ಪುಗಳ ಹಿಂಬದಿಯ ತೊಟ್ಟಿಯನ್ನು ನೋಡಿದಾಗ ಕಥೆ ಬದಲಾಯಿತು. ಅಲ್ಲಿ ತುಕ್ಕು ಕೆಳಗಿನಿಂದ ಹತ್ತಿಲ್ಲ, ಮೇಲಿನಿಂದ ಇಳಿದಿದೆ. ಕಾರಣ ಅದರಲ್ಲಿ ಹೋಗುವ ಸಾಮಾನು. ಹೋಗುವಾಗ ನೀರು ತೊಟ್ಟಿಕ್ಕುವ ಕೋಸು, ಬೀಟ್‌ರೂಟ್. ಬರುವಾಗ ಗೊಬ್ಬರದ ಮೂಟೆ. ರೈತರು ಪೊಟ್ಯಾಷ್ ಎಂದು ಕರೆಯುವ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್. ನಮ್ಮ ಕಡಲಿನ ಉಪ್ಪು ಸೋಡಿಯಂ ಕ್ಲೋರೈಡ್. ಕಬ್ಬಿಣವನ್ನು ಕೆಣಕುವ ಕ್ಲೋರೈಡ್ ಎರಡರಲ್ಲೂ ಇದೆ. ಕಾಸರಗೋಡಿಗೆ ಗಾಳಿಯಲ್ಲಿ ಬರುವುದು ತಾಳವಾಡಿಗೆ ಮೂಟೆಯಲ್ಲಿ ಬರುತ್ತದೆ. ಜೊತೆಗೆ ಕೊಟ್ಟಿಗೆ ಗೊಬ್ಬರ, ಗಂಜಲ, ಹಸಿ ಮಣ್ಣು. ಮೂಟೆ ಇಳಿಸಿದ ದಿನವೇ ತೊಟ್ಟಿಯನ್ನು ನೀರಿನಿಂದ ತೊಳೆದು ಬಿಸಿಲಿಗೆ ಬಿಟ್ಟವರ ಗಾಡಿ ಉಳಿದಿದೆ; ಹಾಗೇ ಟಾರ್ಪಾಲು ಮುಚ್ಚಿ ನಿಲ್ಲಿಸಿದವರ ಗಾಡಿ ಹೋಗಿದೆ. ಕಂಪನಿ ಎರಡಕ್ಕೂ ಒಂದೇ. ಬೆಂಚಿನ ಮೇಲೆ ಮೂರು ಪಕ್ಷಗಳು ಹೆಸರಿಗಾಗಿ ಹೋರಾಡುತ್ತಿದ್ದಾಗ ಒಂದೇ ಹೆಸರಿನ ಎರಡು ಗಾಡಿಗಳು ಪಕ್ಕದಲ್ಲಿ ನಿಂತು ಬೇರೆ ಬೇರೆ ಸಾಕ್ಷಿ ನುಡಿಯುತ್ತಿದ್ದವು.

ಹೆಸರೂ ತುಕ್ಕೂ ಕೂಡಿ ಆಡಿದ ಆಟ ಹೊರದೇಶಗಳಲ್ಲೂ ನಡೆದಿದೆ. ಇಟಲಿಯ ತೂರಿನ್ ನಗರದಲ್ಲಿ 1906ರಲ್ಲಿ ಹುಟ್ಟಿದ ಲಾಂಚಿಯಾ ಕಂಪನಿಯ ಕಥೆಯನ್ನು ಟರ್ಬೊ ಪಕ್ಷದ ನಮ್ಮ ಹುಡುಗರು ಓದಬೇಕು. ಜಗತ್ತಿನ ರ್‍ಯಾಲಿ ಚಾಂಪಿಯನ್‌ಶಿಪ್ಪಿನಲ್ಲಿ ತಯಾರಕರ ಪ್ರಶಸ್ತಿಯನ್ನು ಲಾಂಚಿಯಾ 10 ಸಲ ಗೆದ್ದಿತು. 1987ರಿಂದ 1992ರವರೆಗಂತೂ ಸತತವಾಗಿ ಆರು ವರ್ಷ ಬೇರೆಯವರಿಗೆ ಅದು ಸಿಗಲೇ ಇಲ್ಲ. ಶಕ್ತಿಗೆ, ಓಟಕ್ಕೆ ಅಂಥ ಹೆಸರು. ಅದೇ ಕಂಪನಿ 1972ರಲ್ಲಿ ಬೀಟಾ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತ್ತು. ಮಳೆಯ ಬ್ರಿಟನ್ನಿನಲ್ಲಿ ಆ ಕಾರುಗಳ ಎಂಜಿನ್ನನ್ನು ಹೊತ್ತ ಕೆಳಚೌಕಟ್ಟು ತುಕ್ಕು ಹಿಡಿಯಿತು. 1980ರಲ್ಲಿ ಪತ್ರಿಕೆಗಳು ಅದನ್ನು ಬಯಲಿಗೆಳೆದವು, ಕಂಪನಿ ಅನೇಕ ಕಾರುಗಳನ್ನು ಗ್ರಾಹಕರಿಂದ ಮರಳಿ ಕೊಂಡುಕೊಳ್ಳಬೇಕಾಯಿತು. ಆಮೇಲೆ ರ್‍ಯಾಲಿಯಲ್ಲಿ ಎಷ್ಟು ಗೆದ್ದರೂ ಆ ದೇಶದ ಜನ ಅದನ್ನು ಮತ್ತೆ ನಂಬಲಿಲ್ಲ. 1994ರಲ್ಲಿ ಲಾಂಚಿಯಾ ಬ್ರಿಟನ್ನಿನ ಮಾರುಕಟ್ಟೆಯನ್ನೇ ಬಿಟ್ಟು ಹೊರಟಿತು. ಹತ್ತು ಕಿರೀಟಗಳ ಭಾರಕ್ಕಿಂತ ಒಂದು ತುಕ್ಕಿನ ತೂಕ ಹೆಚ್ಚಾಯಿತು.

ಇದಕ್ಕೆ ಎದುರಾದ ದಾರಿಯನ್ನು ಹಿಡಿದವರೂ ಉಂಟು. ಜರ್ಮನಿಯ ಪೋರ್ಷೆ ಕಂಪನಿ ತನ್ನ 911 ಕಾರಿನ ಒಡಲಿಗೆ 1976ರ ಮಾದರಿಯಿಂದ ಸತುವಿನ ಲೇಪನ ಕೊಡತೊಡಗಿತು. ಸತುವಿನ ಗುಣ ವಿಶಿಷ್ಟವಾದದ್ದು. ತಾನೇ ಮೊದಲು ಸವೆದು ಅದು ಕೆಳಗಿನ ಕಬ್ಬಿಣವನ್ನು ಕಾಯುತ್ತದೆ. ನಮ್ಮ ಮನೆಗಳಲ್ಲಿ ನೀರು ಸೇದುವ ಬಿಳಿ ತಗಡಿನ ಬಕೆಟ್ಟು ವರ್ಷಗಟ್ಟಲೆ ಬಾಳುತ್ತಿದ್ದುದು ಇದೇ ವಿದ್ಯೆಯಿಂದ. ಇನ್ನು ಬಾಳಿಕೆಯ ಮತ್ತೊಂದು ಹೆಸರೆಂದರೆ ಟೊಯೊಟಾ. ನಮ್ಮ ಬಿಡದಿಯಲ್ಲಿ ತಯಾರಾದ ಕ್ವಾಲಿಸ್, ಇನ್ನೋವಾಗಳನ್ನು ಬಾಡಿಗೆ ಕಾರಿನ ಚಾಲಕರು ಇಂದಿಗೂ ಕೊಂಡಾಡುತ್ತಾರೆ. ಆದರೆ ಅಮೆರಿಕದಲ್ಲಿ, ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಊರುಗಳಲ್ಲಿ, ಅದೇ ಟೊಯೊಟಾದ ಟಕೋಮಾ ಪಿಕಪ್ಪುಗಳ ಚಾಸಿಗಳು ತುಕ್ಕು ಹಿಡಿದು ಮುರಿಯತೊಡಗಿದವು. 2008ರಿಂದ ಕಂಪನಿ ಹಳೆಯ ಗಾಡಿಗಳನ್ನು ಸರಿಪಡಿಸಿಕೊಡುವ ಇಲ್ಲವೆ ಮರಳಿ ಕೊಳ್ಳುವ ಏರ್ಪಾಡು ಮಾಡಿತು. 2016ರಲ್ಲಿ ಒಪ್ಪಿಕೊಂಡ ನ್ಯಾಯಾಲಯದ ರಾಜಿಯಲ್ಲಿ ಸುಮಾರು 15 ಲಕ್ಷ ವಾಹನಗಳಿದ್ದವು; ಅದರ ಮೊತ್ತ 340 ಕೋಟಿ ಡಾಲರುಗಳವರೆಗೆ ಹೋಗಬಹುದೆಂದು ಅಂದಾಜಿಸಲಾಗಿತ್ತು. ಒಳ್ಳೆಯ ಹೆಸರು ಸುಳ್ಳಾಗಿರಲಿಲ್ಲ. ಆದರೆ ಅದು ಎಲ್ಲ ನೆಲಕ್ಕೂ, ಎಲ್ಲ ಗಾಳಿಗೂ, ಎಲ್ಲ ವರ್ಷಕ್ಕೂ ಬರೆದುಕೊಟ್ಟ ಮುಚ್ಚಳಿಕೆಯಾಗಿರಲಿಲ್ಲ.

ಇಷ್ಟೆಲ್ಲ ಹೇಳುವುದು ಕಾರು ಕೊಳ್ಳುವ ಶ್ರೀಮಂತರಿಗಾಗಿ ಅಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಸ್ವಂತ ಕಾರು ಇರಲಿ ಇಲ್ಲದಿರಲಿ, ಶಾಲೆಗೆ ಹೋಗುವ ಮಗು ಇದ್ದೇ ಇದೆ. ಆ ಮಗು ವ್ಯಾನಿನಲ್ಲೋ ಜೀಪಿನಲ್ಲೋ ಬಸ್ಸಿನಲ್ಲೋ ದಿನಕ್ಕೆರಡು ಸಲ ಪ್ರಯಾಣ ಮಾಡುತ್ತದೆ. ಕನ್ನಡ ಮಾಧ್ಯಮದ ಶಾಲೆಗಳು ಊರಿಗೊಂದರಂತೆ ಇಲ್ಲದ ಗಡಿನಾಡುಗಳಲ್ಲಿ ಆ ಪ್ರಯಾಣ ಇನ್ನೂ ದೂರದ್ದು. ಇಂಥ ಮಕ್ಕಳನ್ನು ಹೊರುವ ಗಾಡಿಗಳು ಬಹಳ ಸಲ ಎರಡನೆಯ, ಮೂರನೆಯ ಕೈಯವು. ಕರಾವಳಿಯಲ್ಲಿ ಹತ್ತು ಮಳೆಗಾಲ ಕಂಡ ವ್ಯಾನು ಹೊಸ ಹಳದಿ ಬಣ್ಣ ಬಳಿದುಕೊಂಡು ಘಟ್ಟದ ಮೇಲಿನ ಊರಿಗೆ ಬಂದರೆ ಅದರ ಹಳೆಯ ಊರನ್ನು ಹೇಳುವವರು ಯಾರು?

2012ರ ಜುಲೈಯಲ್ಲಿ ಚೆನ್ನೈನ ತಾಂಬರಂ ಬಳಿ ಎರಡನೆಯ ತರಗತಿಯ ಬಾಲಕಿಯೊಬ್ಬಳು ಶಾಲಾ ಬಸ್ಸಿನ ನೆಲದಲ್ಲಿದ್ದ ತೂತಿನಿಂದ ರಸ್ತೆಗೆ ಬಿದ್ದು, ಅದೇ ಬಸ್ಸಿನ ಚಕ್ರಕ್ಕೆ ಸಿಲುಕಿ ತೀರಿಕೊಂಡಳು. ಆ ಸುದ್ದಿ ಓದಿದ ತಾಯಂದಿರು ಅದನ್ನು ಇನ್ನೂ ಮರೆತಿರಲಾರರು. ಮದ್ರಾಸ್ ಹೈಕೋರ್ಟು ತಾನಾಗಿಯೇ ಆ ವಿಷಯವನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ತಮಿಳುನಾಡು ಸರಕಾರ ಶಾಲಾ ಬಸ್ಸುಗಳಿಗಾಗಿ ವಿಶೇಷ ನಿಯಮಗಳನ್ನು ರೂಪಿಸಿತು. ಪ್ರತಿವರ್ಷ ಶಾಲೆಗಳು ತೆರೆಯುವ ಮುನ್ನ ಜಿಲ್ಲೆಗಳಲ್ಲಿ ಅಧಿಕಾರಿಗಳು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ ನೆಲ, ಮೆಟ್ಟಿಲು, ತುರ್ತು ಬಾಗಿಲುಗಳನ್ನು ಪರೀಕ್ಷಿಸುತ್ತಾರೆ. ನಿಯಮ ಬಂದದ್ದು ಒಳ್ಳೆಯದೇ. ಆದರೆ ಅಧಿಕಾರಿಗಳ ಕಣ್ಣು ವರ್ಷಕ್ಕೊಮ್ಮೆ ಬೀಳುತ್ತದೆ. ತಾಯಿತಂದೆಯರ ಕಣ್ಣು ದಿನವೂ ಬೀಳಬಲ್ಲದು. ಶಾಲಾ ಬಸ್ಸೆಂದು ಹೆಸರಿಲ್ಲದ ಬಾಡಿಗೆ ಜೀಪು, ಆಟೊ, ವ್ಯಾನುಗಳ ವಿಷಯದಲ್ಲಿ ನಮ್ಮ ಕಣ್ಣಿನ ಹೊರತು ಬೇರೆ ಕಾವಲು ಬಹಳ ಸಲ ಇರುವುದೂ ಇಲ್ಲ.

ಏನನ್ನು ನೋಡಬೇಕೆಂದು ಮೇಸ್ತ್ರಿಯನ್ನು ಕೇಳಿದೆ. ಅವರು ತೋರಿಸಿದ್ದನ್ನು ಯಾರು ಬೇಕಾದರೂ ಮಾಡಬಹುದು. ಮೊದಲು ಮ್ಯಾಟನ್ನು ಎತ್ತಿ ನೆಲವನ್ನು ನೋಡಬೇಕು, ಅದು ಒದ್ದೆಯಾಗಿದ್ದರೆ ಎಲ್ಲಿಂದ ನೀರು ಬರುತ್ತಿದೆ ಎಂದು ಕೇಳಬೇಕು. ಮ್ಯಾಟಿನ ಕೆಳಗೆ ಪ್ಲೈವುಡ್ ಹಾಸಿದ್ದರೆ ಅದರಡಿ ಏನಿದೆಯೆಂದು ತೆಗೆಸಿಯೇ ನೋಡಬೇಕು. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿಹೋದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಭಾಗ, ಜಾಕಿ ಕೊಡುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗಿನ ಗುಂಡಿ, ಗಾಜಿನ ರಬ್ಬರಿನ ಅಂಚು ತುಕ್ಕಿನ ತವರುಮನೆಗಳು. ಜೇಬಿನಲ್ಲಿ ಸಣ್ಣದೊಂದು ಅಯಸ್ಕಾಂತವಿದ್ದರೆ ಸಾಕು. ತಗಡಿದ್ದಲ್ಲಿ ಅದು ಅಂಟಿಕೊಳ್ಳುತ್ತದೆ. ತುಕ್ಕು ತಿಂದ ಜಾಗಕ್ಕೆ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅಂಟದೆ ಜಾರುತ್ತದೆ. ಟಿಂಕರಿಂಗಿನ ಎಷ್ಟೋ ಗುಟ್ಟುಗಳನ್ನು ಶಾಲೆಯ ವಿಜ್ಞಾನದ ಪೆಟ್ಟಿಗೆಯಲ್ಲಿರುವ ಆ ಪುಟ್ಟ ಅಯಸ್ಕಾಂತವೇ ಹೊರಗೆಡಹುತ್ತದೆ. ತುಕ್ಕಿನ ಮೇಲೆಯೇ ಕಪ್ಪು ಅಂಡರ್‌ಕೋಟಿಂಗ್ ಬಳಿದವರ ಮಾತನ್ನು ನಂಬಬಾರದು. ಅದು ತೇವವನ್ನು ಒಳಗೆ ಸಿಕ್ಕಿಸಿ ರೋಗವನ್ನು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವರು ಕೊನೆಗೆ ತೋರಿಸಿದರು. ಗಾಡಿಯ ತಳದಲ್ಲಿ ಚಕ್ರದಿಂದ ಚಕ್ರಕ್ಕೆ ಹರಿಯುವ, ಪೆನ್ಸಿಲಿಗಿಂತ ತೆಳ್ಳಗಿನ ಉಕ್ಕಿನ ಕೊಳವೆ. ಬ್ರೇಕಿನ ಎಣ್ಣೆ ಹೋಗುವುದು ಅದರಲ್ಲಿ. ಚಾಲಕ ಬ್ರೇಕನ್ನು ಜೋರಾಗಿ ಒತ್ತಿದಾಗ ಅದರೊಳಗೆ ಒತ್ತಡ ಏರುತ್ತದೆ; ತುಕ್ಕಿನಿಂದ ತೆಳುವಾದ ಕೊಳವೆ ಒಡೆಯುವುದು ಅಂಥ ಗಳಿಗೆಯಲ್ಲೇ. ನಿಂತಲ್ಲಿ ನಿಂತಾಗ ಅಲ್ಲ, ಬ್ರೇಕು ಅತ್ಯಂತ ಬೇಕಾದಾಗ. ಬಯಲಿನ ರಸ್ತೆಯಲ್ಲಿ ಅದು ಒಂದು ಗಾಬರಿಯಷ್ಟರಲ್ಲಿ ಮುಗಿದೀತು. ದಿಂಬಂ ಇಳಿಯುವಾಗ, ಕೋಸು ತುಂಬಿದ ಪಿಕಪ್ಪಿಗಾಗಲಿ ಮದುವೆಗೆ ಹೊರಟ ಜೀಪಿಗಾಗಲಿ, ಹದಿನೈದನೆಯ ತಿರುವಿನ ಮೇಲೆ ಹಾಗಾದರೆ ಉಳಿದ ತಿರುವುಗಳನ್ನು ಎಣಿಸುವವರು ಯಾರು? ಬೆಂಚಿನ ಮೇಲಿದ್ದ ಟರ್ಬೊ ಪಕ್ಷದ ಹುಡುಗ ಆ ಕೊಳವೆಯನ್ನು ಬಗ್ಗಿ ನೋಡಿದ. "ಇದು ಎಷ್ಟಾಗ್ತದ ಅಣ್ಣಾ, ಹೊಸದು ಹಾಕ್ಸಕ್ಕೆ?" ಎಂದು ಕೇಳಿದ. ಗಾಡಿಯ ಬೆಲೆಯ ಮುಂದೆ ಅದು ಬಹಳ ಸಣ್ಣ ಮೊತ್ತ ಎಂದರು ಮೇಸ್ತ್ರಿ. ಆ ಸಂಜೆಯ ಚರ್ಚೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಪ್ರಶ್ನೆ ಅದೊಂದೇ ಎಂದು ನನಗನ್ನಿಸಿತು.

ಹೆಸರನ್ನು ನೋಡಿ ಕೊಳ್ಳುವ ಅಭ್ಯಾಸ ನಮಗೆ ವಾಹನದಲ್ಲಿ ಮಾತ್ರವಿಲ್ಲ. ಮಕ್ಕಳನ್ನು ಶಾಲೆಗೆ ಸೇರಿಸುವಾಗಲೂ ಎತ್ತರದ ಫಲಕ, ಹೊಳೆಯುವ ಬಸ್ಸು, ನಾಲಗೆ ತೊಡರುವ ಹೆಸರುಗಳನ್ನು ನೋಡಿ ಮರುಳಾಗುವವರು ನಮ್ಮಲ್ಲಿ ಎಷ್ಟಿಲ್ಲ? ಬಣ್ಣ ಮಾಸಿದ ಗೋಡೆಯ ಕನ್ನಡ ಶಾಲೆಯ ನೆಲ ಗಟ್ಟಿಯಾಗಿದೆಯೇ, ಅಲ್ಲಿ ಮಗು ಓದಿ ಬರೆದು ಪ್ರಶ್ನೆ ಕೇಳುತ್ತಿದೆಯೇ ಎಂದು ಮ್ಯಾಟನ್ನೆತ್ತಿ ನೋಡುವವರು ಕಡಿಮೆ. ಗಟ್ಟಿಯಿದ್ದರೆ ಉಳಿಸಿಕೊಳ್ಳೋಣ, ತುಕ್ಕು ಹಿಡಿದಿದ್ದರೆ ಬಣ್ಣ ಬಳಿಯದೆ ಸರಿಪಡಿಸೋಣ. ಎರಡಕ್ಕೂ ಮೊದಲು ಬಗ್ಗಿ ನೋಡುವ ತಾಳ್ಮೆ ಬೇಕು.

ಮೇ ತಿಂಗಳು ಗ್ಯಾರೇಜುಗಳಿಗೆ ಒಳ್ಳೆಯ ತಿಂಗಳು. ನೆಲ ಒಣಗಿರುತ್ತದೆ, ಶಾಲೆಗೆ ರಜೆಯಿರುತ್ತದೆ, ಮಕ್ಕಳನ್ನು ಹೊರುವ ಗಾಡಿಗಳು ಮನೆಯ ಮುಂದೆ ಸುಮ್ಮನೆ ನಿಂತಿರುತ್ತವೆ. ತುಕ್ಕನ್ನು ಕೆರೆದು, ತಗಡನ್ನು ಬೆಸೆದು, ಸತುವಿನ ಬಣ್ಣ ಹಚ್ಚಿ, ಬ್ರೇಕಿನ ಕೊಳವೆಯನ್ನು ಬದಲಿಸಲು ಅದೇ ತಕ್ಕ ಕಾಲ. ಕಾಸರಗೋಡಿನಲ್ಲಿ ಜೂನ್ ತಿಂಗಳ ಮೊದಲ ಮಳೆಯೂ ಶಾಲೆಯ ಮೊದಲ ಗಂಟೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಅದಕ್ಕೆ ಮುನ್ನ ಒಂದು ದಿನ ನಿಮ್ಮ ಮಗು ಕಾಲಿಡುವ ಗಾಡಿಯ ಚಾಲಕರನ್ನು ವಿಶ್ವಾಸದಿಂದ ಮಾತಾಡಿಸಿ, ಮ್ಯಾಟನ್ನು ಎತ್ತಿ ತೋರಿಸಲು ಕೇಳಿ. ಒಳ್ಳೆಯ ಚಾಲಕರು ಅದಕ್ಕೆ ಬೇಸರಪಡುವುದಿಲ್ಲ.